ಬಸುರಿಯ ತೂಕ, ಶುಗರ್: ಕಣ್ಣಳತೆ ಸಾಲದು

(ಕೋಲಾರದಲ್ಲಿ ಗರ್ಭಿಣಿಯರು, ಅವರ ಮನೆಯವರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಹೆರಿಗೆ ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬಸುರಿ ಹೆಣ್ಣುಮಕ್ಕಳ ಜೊತೆ ಅವರ ಅಮ್ಮಂದಿರು, ಅತ್ತೆಯಂದಿರು ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ ಗಂಡಂದಿರೂ ಕೂತಿದ್ದಾರೆ. ತುಂಬಾ ಒಳ್ಳೆಯದಾಯಿತು. ಇವತ್ತು ನಾನು ಹೇಳುವ ವಿಷಯದಲ್ಲಿ ಬಸುರಿ ಒಬ್ಬಳೇ ಮಾಡಬಹುದಾದ್ದು ಕಡಿಮೆ. ಅಡುಗೆ ಯಾರು ಮಾಡುತ್ತಾರೆ, ತಟ್ಟೆಗೆ ಯಾರು ಬಡಿಸುತ್ತಾರೆ, ಆಸ್ಪತ್ರೆಗೆ ಯಾರು ಜೊತೆಗೆ ಬರುತ್ತಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ನಮ್ಮ ಕಡೆ ಬಸುರಿಯನ್ನು ಕಣ್ಣಳತೆಯಲ್ಲೇ ನೋಡುವುದು ರೂಢಿ. ಮುಖ ತುಂಬಿಕೊಂಡಿದೆಯಾ, ಹೊಟ್ಟೆ ಮುಂದಕ್ಕೆ ಬಂದಿದೆಯಾ, ಚೆನ್ನಾಗಿ ಉಣ್ಣುತ್ತಾಳಾ. ಇಷ್ಟು ನೋಡಿ ‘ಹುಡುಗಿ ಚೆನ್ನಾಗಿದ್ದಾಳೆ ಬಿಡಿ’ ಅಂದುಬಿಡುತ್ತೇವೆ. ರಕ್ತದಲ್ಲಿರುವ ಸಕ್ಕರೆ ಯಾವ ಕಣ್ಣಿಗೂ ಕಾಣುವುದಿಲ್ಲ. ತೂಕ ಕಂಡರೂ ಸರಿಯಾಗಿ ಕಾಣುವುದಿಲ್ಲ. ಅಳೆದು ನೋಡಿ, ಬರೆದಿಟ್ಟುಕೊಳ್ಳಿ, ಹೆರಿಗೆ ಆದಮೇಲೂ ಬಿಡದೆ ಅಳೆಯಿರಿ. ಇವತ್ತು ನಾನು ಕೇಳಿಕೊಳ್ಳುವುದು ಇದೊಂದೇ.

ಬಸುರಿನಲ್ಲಿ ಶುಗರ್ ಯಾಕೆ ಬರುತ್ತದೆ? ಜಾಸ್ತಿ ಸಿಹಿ ತಿಂದಿದ್ದಕ್ಕೆ ಬಂತು ಅಂತ ತುಂಬಾ ಮನೆಗಳಲ್ಲಿ ಹುಡುಗಿಯನ್ನೇ ಬೈಯುತ್ತಾರೆ. ಅದು ಸರಿಯಲ್ಲ. ಮಗುವಿನ ಜೊತೆ ಹೊಟ್ಟೆಯಲ್ಲಿ ಮಾಸು ಬೆಳೆಯುತ್ತದೆ, ಅಲ್ವಾ? ಆ ಮಾಸು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ತಾಯಿಯ ಮೈಯಲ್ಲಿ ಸಲೀಸಾಗಿ ಕೆಲಸ ಮಾಡದಂತೆ ಅವು ತಡೆಯುತ್ತವೆ. ಇದು ಮಗುವಿಗಾಗಿಯೇ ಇರುವ ಏರ್ಪಾಡು. ತಾಯಿಯ ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೊತ್ತು ಜಾಸ್ತಿ ನಿಂತರೆ ಮಗುವಿಗೆ ಸಿಗುತ್ತದೆ. ಹೆಚ್ಚಿನ ಹೆಂಗಸರಲ್ಲಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ತಯಾರಿಸಿ ಇದನ್ನು ಸರಿದೂಗಿಸುತ್ತದೆ. ಕೆಲವರಲ್ಲಿ ಆಗುವುದಿಲ್ಲ. ಆಗ ಸಕ್ಕರೆ ಏರುತ್ತದೆ. ಐದನೇ ತಿಂಗಳು ಕಳೆದಮೇಲೆ ಈ ಹಾರ್ಮೋನುಗಳ ಜೋರು ಜಾಸ್ತಿ. ಅದಕ್ಕೇ ಆರು, ಏಳನೇ ತಿಂಗಳಲ್ಲಿ ಶುಗರ್ ಹೆಚ್ಚಾಗಿ ಸಿಕ್ಕಿಬೀಳುತ್ತದೆ.

ಮಾಸನ್ನು ಒಂದು ಜರಡಿ ಅಂದುಕೊಳ್ಳಿ. ತಾಯಿಯ ರಕ್ತದ ಸಕ್ಕರೆ ಆ ಜರಡಿಯಲ್ಲಿ ಸುಲಭವಾಗಿ ಮಗುವಿನ ಕಡೆಗೆ ಇಳಿಯುತ್ತದೆ. ತಾಯಿಯ ಇನ್ಸುಲಿನ್ ಇಳಿಯುವುದಿಲ್ಲ, ಮೇಲೇ ಉಳಿಯುತ್ತದೆ. ಮಗುವಿಗೆ ಸಕ್ಕರೆ ಬಂತು, ಅದನ್ನು ನಿಭಾಯಿಸುವ ಇನ್ಸುಲಿನ್ ಬರಲಿಲ್ಲ. ಮೂರನೇ ತಿಂಗಳ ಹೊತ್ತಿಗೇ ಮಗು ತನ್ನ ಇನ್ಸುಲಿನ್ ತಾನೇ ತಯಾರಿಸಲು ಶುರು ಮಾಡಿರುತ್ತದೆ. ಸಕ್ಕರೆ ಜಾಸ್ತಿ ಬಂದಷ್ಟೂ ಅದೂ ಜಾಸ್ತಿ ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ ಬರೀ ಸಕ್ಕರೆ ಇಳಿಸುವುದಿಲ್ಲ, ಮೈ ಬೆಳೆಸುತ್ತದೆ, ಕೊಬ್ಬು ಕೂಡಿಸುತ್ತದೆ. ಮಗು ದಪ್ಪ ಆಗುತ್ತದೆ. ಭುಜ, ಎದೆ, ಹೊಟ್ಟೆಯ ಸುತ್ತ ವಿಶೇಷವಾಗಿ. ಡೆನ್ಮಾರ್ಕಿನ ಯೋರ್ಗನ್ ಪೆಡರ್ಸನ್ ಅನ್ನುವ ವೈದ್ಯರು ಬಹಳ ಹಿಂದೆಯೇ ಇದನ್ನು ಹೇಳಿದ್ದರು. 2008ರಲ್ಲಿ ಒಂಬತ್ತು ದೇಶಗಳ ಸುಮಾರು 25 ಸಾವಿರ ಗರ್ಭಿಣಿಯರ ಮೇಲೆ ನಡೆದ ದೊಡ್ಡ ಅಧ್ಯಯನ ಬಂತು. ತಾಯಿಯ ಸಕ್ಕರೆ ಒಂದೊಂದು ಹಂತ ಏರಿದಂತೆ ಮಗುವಿನ ತೂಕವೂ, ಮಗುವಿನ ಇನ್ಸುಲಿನ್ನೂ ಏರುತ್ತಾ ಹೋಗುವುದು ಅದರಲ್ಲಿ ಕಂಡಿತು. ಇಲ್ಲಿಯವರೆಗೆ ಏನೂ ಆಗಲ್ಲ, ಇಲ್ಲಿಂದಾಚೆ ಅಪಾಯ ಅಂತ ಗೆರೆ ಎಳೆದ ಹಾಗೆ ಇಲ್ಲ. ‘ಡಾಕ್ಟ್ರೇ, ಸ್ವಲ್ಪಾನೇ ತಾನೇ ಜಾಸ್ತಿ ಇರೋದು’ ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ.

ಈಗ ಪರೀಕ್ಷೆಗೆ ಬರೋಣ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕಲಸಿ ಕೊಡುತ್ತಾರೆ. ಐದರಿಂದ ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಕುಡಿದ ಎರಡು ಗಂಟೆಗೆ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸುರಿನ ಶುಗರ್ ಇದೆ ಅಂತ ಲೆಕ್ಕ. ಇದಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ. ಮುಳಬಾಗಿಲು ಕಡೆಯಿಂದ, ಶ್ರೀನಿವಾಸಪುರದ ಹಳ್ಳಿಗಳಿಂದ ಬೆಳಗಿನ ಬಸ್ ಹಿಡಿದು, ಒಂದು ತುತ್ತೂ ತಿನ್ನದೆ ಬಂದು, ಸರದಿಯಲ್ಲಿ ನಿಂತು ತಲೆ ಸುತ್ತಿ ಬೀಳುವ ಬಸುರಿಯರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದೂರದಿಂದ ಬರುವವರಿಗೆ ತೊಂದರೆ ಆಗಬಾರದು, ಒಂದೇ ಭೇಟಿಯಲ್ಲಿ ಪರೀಕ್ಷೆ ಮುಗಿಯಬೇಕು ಅಂತಲೇ ಈ ವಿಧಾನ ಬಂದಿದ್ದು. ಚೆನ್ನೈನ ಡಾ. ವಿ. ಶೇಷಯ್ಯ ಇದಕ್ಕಾಗಿ ತುಂಬಾ ಕೆಲಸ ಮಾಡಿದವರು. ಅವರು ಹುಟ್ಟಿದ ಮಾರ್ಚ್ 10ನ್ನು ನಮ್ಮ ದೇಶದಲ್ಲಿ ಬಸುರಿನ ಮಧುಮೇಹದ ಜಾಗೃತಿ ದಿನ ಅಂತ ಆಚರಿಸುತ್ತಾರೆ.

ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ 2014ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆ ಆಯಿತು. ಅದರ ಪ್ರಕಾರ ಪ್ರತಿಯೊಬ್ಬ ಬಸುರಿಗೂ ಈ ಪರೀಕ್ಷೆ ಎರಡು ಸಲ ಆಗಬೇಕು. ಆಸ್ಪತ್ರೆಗೆ ಮೊದಲ ಸಲ ಬಂದಾಗ ಒಂದು. ಅದರಲ್ಲಿ ಏನೂ ಇಲ್ಲದಿದ್ದರೆ 24ರಿಂದ 28 ವಾರದ ಒಳಗೆ ಇನ್ನೊಂದು. ಮೊದಲನೆಯದು ಸರಿ ಇದೆ ಅಂತ ಎರಡನೆಯದನ್ನು ಬಿಟ್ಟುಬಿಡುವುದೇ ನಾವು ಜಾಸ್ತಿ ನೋಡುವ ತಪ್ಪು. ಮಾಸಿನ ಹಾರ್ಮೋನು ಜೋರಾಗುವ ಮೊದಲೇ ನೋಡಿ ಇಲ್ಲ ಅಂದುಕೊಂಡರೆ ಏನು ಪ್ರಯೋಜನ? ಕುಡಿದ ಅರ್ಧ ಗಂಟೆಯೊಳಗೆ ವಾಂತಿ ಆದರೆ ಪರೀಕ್ಷೆ ಲೆಕ್ಕಕ್ಕಿಲ್ಲ, ಮಾರನೇ ದಿನ ಮತ್ತೆ ಮಾಡಬೇಕು. ಅರ್ಧ ಗಂಟೆ ಆದಮೇಲೆ ವಾಂತಿ ಆದರೆ ಮುಂದುವರಿಸಬಹುದು. ವಾಂತಿ ಆಗಿದ್ದನ್ನು ಸಿಸ್ಟರ್‌ಗೆ ಹೇಳದೆ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ.

‘ನನಗೆ ಏನೂ ಅನ್ನಿಸ್ತಿಲ್ಲ, ಮತ್ಯಾಕೆ ಟೆಸ್ಟು’ ಅನ್ನುವವರಿದ್ದಾರೆ. ಬಸುರಿನ ಶುಗರ್‌ನಲ್ಲಿ ಹೆಚ್ಚಾಗಿ ಏನೂ ಅನ್ನಿಸುವುದಿಲ್ಲ. ಪದೇ ಪದೇ ಮೂತ್ರಕ್ಕೆ ಹೋಗುವುದು, ಸುಸ್ತು ಎಲ್ಲಾ ಬಸುರಿಯರಿಗೂ ಇದ್ದದ್ದೇ. ಮೂತ್ರದ ಪರೀಕ್ಷೆಯನ್ನೂ ನೆಚ್ಚಬೇಡಿ. ಬಸುರಿನಲ್ಲಿ ಸಕ್ಕರೆ ಸರಿಯಾಗಿದ್ದರೂ ಮೂತ್ರದಲ್ಲಿ ಕಾಣಿಸಬಹುದು. ರಕ್ತದ್ದೇ ಆಗಬೇಕು.

ಇನ್ನು ಸಣಕಲು ಹುಡುಗಿಯರ ವಿಷಯ. ‘ಇವಳೇ ಕಡ್ಡಿ ಥರ ಇದ್ದಾಳೆ, ಇವಳಿಗ್ಯಾವ ಶುಗರ್ರು’ ಅನ್ನುವ ಮಾತು ನಾನು ಕೇಳದ ವಾರ ಇಲ್ಲ. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನೆಯ ಸೊಸೆಯೊಬ್ಬಳು ಬಂದಿದ್ದಳು. ಬಸುರಿ ಆಗುವ ಮೊದಲು 45 ಕಿಲೋ. ದಿನಾ ಮೇವು ಹೊತ್ತು ದುಡಿಯುವ ಮೈ. ಎರಡನೇ ಪರೀಕ್ಷೆಯಲ್ಲಿ 160 ದಾಟಿತ್ತು. ಜೊತೆಗೆ ಬಂದಿದ್ದ ಅತ್ತೆ ಮಿಷನ್ನೇ ಕೆಟ್ಟಿರಬೇಕು ಅಂದರು. ಮತ್ತೆ ನೋಡಿದರೂ ಹಾಗೇ ಇತ್ತು. ಆಮೇಲೆ ಮಾತಾಡಿಸಿದಾಗ ಗೊತ್ತಾಗಿದ್ದು, ಹುಡುಗಿಯ ತಾಯಿಗೂ ಸೋದರಮಾವನಿಗೂ ಸಕ್ಕರೆ ಕಾಯಿಲೆ.

ನಮ್ಮ ಜನರ ಮೈಕಟ್ಟೇ ಬೇರೆ. ನೋಡಲು ತೆಳ್ಳಗಿದ್ದರೂ ಸ್ನಾಯು ಕಡಿಮೆ, ಒಳಗೆ ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಅವರ ಜೊತೆಗಾರರು ಹುಟ್ಟಿದ ಕೂಸುಗಳಲ್ಲೇ ಇದನ್ನು ತೋರಿಸಿದರು. ಇಂಗ್ಲೆಂಡಿನ ಕೂಸುಗಳಿಗಿಂತ ನಮ್ಮವು ತೂಕದಲ್ಲಿ ತುಂಬಾ ಕಡಿಮೆ, ಕೊಬ್ಬಿನಲ್ಲಿ ಮಾತ್ರ ಅಷ್ಟೇನೂ ಕಡಿಮೆ ಇರಲಿಲ್ಲ. ಅದಕ್ಕೇ ಬೊಜ್ಜಿನ ಅಳತೆಗೋಲು ನಮಗೆ ಬೇರೆ ಇದೆ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಯನ್ನು ಬಿಎಂಐ ಅನ್ನುತ್ತಾರೆ. ಬೇರೆ ದೇಶಗಳಲ್ಲಿ 25 ದಾಟಿದರೆ ತೂಕ ಜಾಸ್ತಿ, ನಮ್ಮಲ್ಲಿ 23ಕ್ಕೇ ಜಾಸ್ತಿ, 25ಕ್ಕೆ ಬೊಜ್ಜು. ಐದು ಅಡಿ ಎತ್ತರದ ಹೆಂಗಸು 58 ಕಿಲೋ ಇದ್ದರೆ ಆ 25 ಮುಟ್ಟಿದಂತೆ. 58 ಕಿಲೋ ಇರುವವರನ್ನು ನೋಡಿ ನಮ್ಮೂರಲ್ಲಿ ಯಾರಾದರೂ ದಪ್ಪ ಅನ್ನುತ್ತಾರಾ?

ಅಂದಮೇಲೆ ತೂಕದ ಬಗ್ಗೆ ಮಾತಾಡಲೇಬೇಕು. ಬಸುರಿನಲ್ಲಿ ಎಷ್ಟು ಕಿಲೋ ಏರಬೇಕು? ಎಲ್ಲರಿಗೂ ಒಂದೇ ಉತ್ತರ ಇಲ್ಲ, ಶುರುವಿನಲ್ಲಿ ಎಷ್ಟಿದ್ದಿರಿ ಅನ್ನುವುದರ ಮೇಲೆ ಹೋಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 10ರಿಂದ 12 ಕಿಲೋ ಅನ್ನುತ್ತೇವೆ. 2009ರ ಅಮೆರಿಕದ ಶಿಫಾರಸು ಹೀಗಿದೆ: ತುಂಬಾ ತೆಳ್ಳಗಿರುವವರಿಗೆ 12.5ರಿಂದ 18 ಕಿಲೋ, ಬಿಎಂಐ 30 ದಾಟಿದವರಿಗೆ 5ರಿಂದ 9 ಸಾಕು. ನಮ್ಮ ಹೆಂಗಸರ ಮೈಕಟ್ಟಿಗೆ ಈ ಅಂಕಿಗಳನ್ನು ಸ್ವಲ್ಪ ತಗ್ಗಿಸಿ ನೋಡಬೇಕು. ಆದರೂ ತೆಳ್ಳಗಿರುವವಳು ಜಾಸ್ತಿ ಏರಬೇಕು, ದಪ್ಪ ಇರುವವಳು ಕಡಿಮೆ ಏರಬೇಕು ಅನ್ನುವ ತತ್ವ ಎಲ್ಲರಿಗೂ ಒಂದೇ.

ಆ 11–12 ಕಿಲೋ ಎಲ್ಲಿ ಹೋಗುತ್ತದೆ ಗೊತ್ತಾ? ಮಗು 3 ಕಿಲೋ ಹತ್ತಿರ. ಮಾಸು ಅರ್ಧ ಕಿಲೋ ಮೇಲೆ, ಮಗುವಿನ ಸುತ್ತಲಿನ ನೀರು ಮುಕ್ಕಾಲರಿಂದ ಒಂದು ಕಿಲೋ. ಗರ್ಭಕೋಶವೇ ಒಂದು ಕಿಲೋ ತೂಗುತ್ತದೆ. ತಾಯಿಯ ರಕ್ತ ಹೆಚ್ಚುತ್ತದೆ, ಮೈಯಲ್ಲಿ ನೀರು ಸೇರುತ್ತದೆ, ಎದೆ ತುಂಬುತ್ತದೆ. ಉಳಿದ ಮೂರು ಕಿಲೋ ಚಿಲ್ಲರೆ ಕೊಬ್ಬು, ಮುಂದೆ ಹಾಲೂಡಿಸಲು ಮೈ ಕೂಡಿಟ್ಟುಕೊಳ್ಳುವುದು. ಇಪ್ಪತ್ತು ಕಿಲೋ ಏರಿದರೆ ಆ ಜಾಸ್ತಿ ಎಂಟು ಕಿಲೋ ಮಗುವಿಗೆ ಹೋಗಲಿಲ್ಲ, ತಾಯಿಯ ಮೈಯಲ್ಲೇ ಉಳಿಯಿತು. ಅದು ಬಿ.ಪಿ. ಏರುವ ಅಪಾಯ ತರುತ್ತದೆ. ಆಪರೇಷನ್ ಆದರೆ ಗಾಯ ಮಾಯಲು ತಡ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಸ್ಕ್ಯಾನಿಂಗ್‌ನಲ್ಲಿ ಮಗು ಸ್ಪಷ್ಟವಾಗಿ ಕಾಣುವುದೂ ಕಷ್ಟ.

ಇದು ಹೇಳಿದ ತಕ್ಷಣ ಯಾರೂ ಬಸುರಿಯನ್ನು ಉಪವಾಸ ಕೆಡವಬೇಡಿ. ಬಸುರಿನಲ್ಲಿ ತೂಕ ಇಳಿಸಲು ಹೋಗಲೇಬಾರದು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಡೆಯ ಕಷ್ಟವೂ ಇದೆ. 38, 40 ಕಿಲೋ ಇರುವಾಗಲೇ ಬಸುರಿ ಆಗಿ, ರಕ್ತ ಕಡಿಮೆ ಇದ್ದು, ಐದಾರು ಕಿಲೋ ಕೂಡ ಏರದವರು. ಅವರ ಕೂಸು ಎರಡೂವರೆ ಕಿಲೋಗಿಂತ ಕಡಿಮೆ ಹುಟ್ಟುತ್ತದೆ. ಹೊಟ್ಟೆಯಲ್ಲಿ ಸೊರಗಿ ಹುಟ್ಟಿದ ಮಗು ಬೆಳೆಯುತ್ತಾ ಬೇಗ ದಪ್ಪ ಆದರೆ ಅದಕ್ಕೂ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಜಾಸ್ತಿ. ಕಬ್ಬಿಣದ ಮಾತ್ರೆ ನುಂಗಿ. ಅಂಗನವಾಡಿಯ ಮೊಟ್ಟೆ ಬಿಡಬೇಡಿ. 2017ರಲ್ಲಿ ಸರ್ಕಾರದ ಬಿಸಿ ಊಟದ ಯೋಜನೆ ಮಾತೃಪೂರ್ಣ ಶುರುವಾದಾಗ ಬಸುರಿಯರು ಅಂಗನವಾಡಿಗೆ ಹೋಗಿ ಕೂತು ಉಣ್ಣಲು ನಾಚುತ್ತಿದ್ದರು. ಮನೆಯಲ್ಲಿ ಎಲ್ಲರೂ ಉಂಡಮೇಲೆ ಕೊನೆಗೆ ತಟ್ಟೆ ಹಾಕಿಕೊಳ್ಳುವ ಸೊಸೆಗೆ ಅಲ್ಲಿ ಸಿಗುವ ಬಿಸಿ ಊಟ ದೊಡ್ಡದು ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ತಾಯಿ ಕಾರ್ಡಿನಲ್ಲಿ ತೂಕ ಬರೆಯುವ ಜಾಗ ಇದೆ. ದಯವಿಟ್ಟು ಈಗಲೇ ತೆಗೆದು ನೋಡಿ. ನಿಮ್ಮ ಮುಂದಿರುವ ಎಷ್ಟೋ ಕಾರ್ಡುಗಳಲ್ಲಿ ಮೊದಲ ಮೂರು ತಿಂಗಳ ತೂಕವೇ ಇಲ್ಲ. ಐದನೇ ತಿಂಗಳಲ್ಲಿ 56 ಅಂತ ಬರೆದಿದ್ದರೆ ನನಗೆ ಅದರಿಂದ ಏನು ತಿಳಿಯಬೇಕು? 50 ಇದ್ದವಳು 56 ಆದಳಾ, 58 ಇದ್ದವಳು ವಾಂತಿಯಿಂದ ಇಳಿದು 56 ಆದಳಾ? ಆಶಾ ಅಕ್ಕಂದಿರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಮುಟ್ಟು ನಿಂತಿದೆ ಅಂತ ಗೊತ್ತಾದ ದಿನವೇ ತೂಕ, ಎತ್ತರ ಎರಡೂ ಬರೆಯಿರಿ. ಆಮೇಲೆ ಪ್ರತಿ ತಿಂಗಳೂ ಅದೇ ತಕ್ಕಡಿಯಲ್ಲಿ, ಚಪ್ಪಲಿ ಬಿಟ್ಟು. ನಾಲ್ಕನೇ ತಿಂಗಳಿಂದ ಆಚೆಗೆ ತಿಂಗಳಿಗೆ ಒಂದೂವರೆ, ಎರಡು ಕಿಲೋ ಸರಿ. ಒಂದೇ ವಾರದಲ್ಲಿ ಒಂದು ಕಿಲೋಗಿಂತ ಜಾಸ್ತಿ ಏರಿದರೆ, ಮುಖ ಕೈ ಊದಿಕೊಂಡರೆ ಅದು ಊಟದ್ದಲ್ಲ, ಬಿ.ಪಿ. ನೋಡಿಸಿ.

‘ಇಬ್ಬರಿಗೆ ಆಗೋಷ್ಟು ತಿನ್ನು’ ಅಂತ ಹೇಳುವುದು ಪ್ರೀತಿಯಿಂದಲೇ. ಆದರೆ ಇಬ್ಬರಲ್ಲಿ ಒಬ್ಬರು ಇನ್ನೂ ಅಂಗೈಯಷ್ಟು ಇದ್ದಾರೆ. ಮೊದಲ ಮೂರು ತಿಂಗಳಲ್ಲಿ ಹೆಚ್ಚುವರಿ ಊಟವೇ ಬೇಕಾಗುವುದಿಲ್ಲ. ಆಮೇಲೆ ದಿನಕ್ಕೆ 350 ಕ್ಯಾಲೊರಿ ಜಾಸ್ತಿ ಸಾಕು. ಅಂದರೆ ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಸಣ್ಣ ಬಾಳೆಹಣ್ಣು, ಒಂದು ಸಣ್ಣ ಹಿಡಿ ಕಡಲೆಕಾಯಿ ಬೀಜ. ಅಷ್ಟೇ.

ಈಗ ಮುದ್ದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಕೋಲಾರದಲ್ಲಿ ನಿಂತು ಮುದ್ದೆ ಬಿಟ್ಟು ಊಟದ ಮಾತಾಡುವುದು ಹೇಗೆ? ‘ರಾಗಿ ತಿನ್ನೋರಿಗೆ ಶುಗರ್ ಬರಲ್ಲ’ ಅಂತ ಇಲ್ಲಿ ಬಲವಾದ ನಂಬಿಕೆ. ರಾಗಿ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ತುಂಬಾ ಕಡಿಮೆ. ನಾರೂ ಇದೆ. ಆದರೆ ಅದೇ ನೂರು ಗ್ರಾಂನಲ್ಲಿ ಪಿಷ್ಟ ಸುಮಾರು 70 ಗ್ರಾಂ. ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ನುಣ್ಣಗೆ ಬೀಸಿದ ಹಿಟ್ಟು, ಚೆನ್ನಾಗಿ ಬೆಂದು ಮಿದ್ದ ಮುದ್ದೆ, ಅದನ್ನು ಅಗಿಯದೆ ನುಂಗುತ್ತೇವೆ. ಹೊಟ್ಟೆಗೆ ಹೋದಮೇಲೆ ಬೇಗ ಸಕ್ಕರೆ ಆಗುತ್ತದೆ. ಗದ್ದೆ ಕೆಲಸಕ್ಕೆ ಹೋಗುವ ಗಂಡಸಿಗೆ ಕಟ್ಟುವ ಮುದ್ದೆಯನ್ನೇ ಏಳನೇ ತಿಂಗಳ ಬಸುರಿಗೂ ಇಟ್ಟು, ಮೇಲೊಂದಷ್ಟು ಅನ್ನ ಬಡಿಸಿ, ಸಾರು ಮಾತ್ರ ತೆಳ್ಳಗೆ ಒಂದು ಸೌಟು ಹಾಕಿದರೆ ಶುಗರ್ ಏರದೆ ಇನ್ನೇನಾಗುತ್ತದೆ?

ಮುದ್ದೆ ಬಿಡಬೇಡಿ, ಚಿಕ್ಕದು ಕಟ್ಟಿ. ಅವಳ ಮುಷ್ಟಿಯಷ್ಟು ಸಾಕು. ಅದರ ಜೊತೆಗೆ ಮಸ್ಸೊಪ್ಪು ಇರಲಿ, ಬಸ್ಸಾರಿನ ಪಲ್ಯ ಇರಲಿ, ಅವರೆಕಾಳಿನ ಕಾಲದಲ್ಲಿ ಅವರೆಕಾಳು, ಹುರುಳಿ, ಹೆಸರುಕಾಳು, ತಿನ್ನುವವರಿಗೆ ಮೊಟ್ಟೆ, ಮೀನು. ಅವು ಗಟ್ಟಿಯಾಗಿ, ತಟ್ಟೆಯಲ್ಲಿ ಅರ್ಧದಷ್ಟಾದರೂ ಇರಬೇಕು. ಮುದ್ದೆ ತಿಂದರೆ ಆ ಹೊತ್ತಿಗೆ ಅನ್ನ ಬೇಡ. ಮೊದಲು ಪಲ್ಯ, ಕಾಳು ನಾಲ್ಕು ತುತ್ತು ತಿಂದು ಆಮೇಲೆ ಮುದ್ದೆಗೆ ಕೈ ಹಾಕಿದರೆ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ. ಬೆಲ್ಲ ಹಾಕಿದ ರಾಗಿ ಗಂಜಿಯನ್ನು ಶುಗರ್ ಇರುವ ಬಸುರಿಗೆ ಕೊಡಬೇಡಿ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಏನೂ ಆಗಲ್ಲ ಅನ್ನುವುದು ಸುಳ್ಳು. ರಕ್ತಕ್ಕೆ ಹೋದಮೇಲೆ ಎರಡೂ ಒಂದೇ.

ಊಟವನ್ನು ಮೂರು ಹೊತ್ತಿಗೆ ಹೊಟ್ಟೆ ಬಿರಿಯುವಷ್ಟು ಮಾಡುವ ಬದಲು ಮೂರು ಸಣ್ಣ ಊಟ, ನಡುವೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ. ಮಜ್ಜಿಗೆ, ಬೇಯಿಸಿದ ಕಡಲೆಕಾಳು, ಸೌತೆಕಾಯಿ, ಸೀಬೆಕಾಯಿ. ರಾತ್ರಿ ಮಲಗುವ ಮುಂಚೆ ಸಕ್ಕರೆ ಇಲ್ಲದ ಹಾಲು. ಪ್ರತಿ ಊಟದ ಮೇಲೆ ಹತ್ತು ಹದಿನೈದು ನಿಮಿಷ ನಡಿಗೆ. ಮನೆ ಅಂಗಳದಲ್ಲೇ ಓಡಾಡಿದರೂ ಆಯಿತು. ಗಂಡಂದಿರೇ, ರಾತ್ರಿ ಊಟ ಆದಮೇಲೆ ಅವಳ ಜೊತೆ ನೀವೂ ನಡೆಯಿರಿ. ಕತ್ತಲಲ್ಲಿ ಒಬ್ಬಳೇ ಹೋಗಲು ಅವಳಿಗೆ ಆಗುವುದಿಲ್ಲ.

ಮಾವಿನಹಣ್ಣಿನ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ ಅಂತ ಗೊತ್ತು. ಶ್ರೀನಿವಾಸಪುರದ ತೋಟದ ಮನೆಯ ಹುಡುಗಿಗೆ ಮೇ ತಿಂಗಳಲ್ಲಿ ಹಣ್ಣು ಮುಟ್ಟಬೇಡ ಅಂದರೆ ಅವಳು ಕದ್ದು ತಿನ್ನುತ್ತಾಳೆ, ಕದ್ದು ತಿಂದಾಗ ಅಳತೆ ಇರುವುದಿಲ್ಲ. ಒಂದು ದೊಡ್ಡ ಬಾದಾಮಿ ಹಣ್ಣಿನಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಶುಗರ್ ಹತೋಟಿಯಲ್ಲಿ ಇದ್ದರೆ ನಾಲ್ಕೈದು ಹೋಳು, ಊಟದ ಜೊತೆಗಲ್ಲ, ಮಧ್ಯಾಹ್ನದ ಹೊತ್ತಿಗೆ ತಿನ್ನಲಿ. ಜ್ಯೂಸ್, ಸೀಕರಣೆ ಬೇಡ. ಸೀಮಂತದ ದಿನ ಒಬ್ಬಟ್ಟು ಒಂದು ತುಂಡು ತಿಂದರೆ ಆಕಾಶ ಬೀಳುವುದಿಲ್ಲ. ಆದರೆ ಸೀಮಂತಕ್ಕೆ ಬಂದವರೆಲ್ಲ ಬಾಯಿಗೆ ಒಂದೊಂದು ತಂಬಿಟ್ಟು ತುರುಕುವುದನ್ನು ದಯವಿಟ್ಟು ಬಿಡಿ.

ಎರಡು ವಾರ ಹೀಗೆ ಊಟ, ನಡಿಗೆ ಮಾಡಿ ಮತ್ತೆ ರಕ್ತ ನೋಡುತ್ತೇವೆ. ಊಟ ಆದ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇದ್ದರೆ ಇದನ್ನೇ ಮುಂದುವರಿಸಿದರೆ ಸಾಕು. ಹೆಚ್ಚಿನವರಿಗೆ ಇಷ್ಟರಲ್ಲೇ ಹತೋಟಿಗೆ ಬರುತ್ತದೆ. ಬರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್.

ಇನ್ಸುಲಿನ್ ಅಂದ ಕೂಡಲೇ ಮನೆಯಲ್ಲಿ ಅಳು ಶುರು. ಒಂದು ಸಲ ಚುಚ್ಚಿಸಿಕೊಂಡರೆ ಬದುಕಿರುವವರೆಗೂ ಬಿಡುವ ಹಾಗಿಲ್ಲ ಅಂತ ಯಾರೋ ಹೇಳಿರುತ್ತಾರೆ. ಬಸುರಿನಲ್ಲಿ ಬಂದ ಶುಗರ್‌ಗೆ ಹಾಗಲ್ಲ. ಮಾಸು ಹೊರಗೆ ಬಿದ್ದ ಮೇಲೆ ಆ ಹಾರ್ಮೋನುಗಳು ಹೋಗುತ್ತವೆ, ಬಹುತೇಕರಿಗೆ ಹೆರಿಗೆಯ ದಿನದಿಂದಲೇ ಇನ್ಸುಲಿನ್ ನಿಲ್ಲುತ್ತದೆ. ಮಗುವಿಗೆ ತೊಂದರೆ ಅನ್ನುವ ಭಯವೂ ಬೇಡ, ಆಗಲೇ ಹೇಳಿದೆನಲ್ಲ, ಇನ್ಸುಲಿನ್ ಮಾಸನ್ನು ದಾಟುವುದಿಲ್ಲ. 1921ರಲ್ಲಿ ಕೆನಡಾದಲ್ಲಿ ಇನ್ಸುಲಿನ್ ಕಂಡುಹಿಡಿದರು. ಅದಕ್ಕೆ ಮುಂಚೆ ಸಕ್ಕರೆ ಕಾಯಿಲೆ ಇರುವ ಹೆಂಗಸು ಬಸುರಿ ಆದರೆ ತಾಯಿ ಉಳಿದರೆ ಹೆಚ್ಚು, ಮಗು ಉಳಿಯುವುದು ಅಪರೂಪ. ಆಗ ಸಿಗದಿದ್ದ ಔಷಧಿ ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. ಅದಕ್ಕೆ ಹೆದರಬೇಡಿ.

ಶುಗರ್ ಹತೋಟಿಯಲ್ಲಿ ಇದ್ದರೆ ಸಹಜ ಹೆರಿಗೆಗೆ ಅಡ್ಡಿ ಇಲ್ಲ. ಇಲ್ಲದಿದ್ದರೆ ಏನಾಗುತ್ತದೆ ಅಂತ ಒಂದನ್ನು ಮಾತ್ರ ಹೇಳುತ್ತೇನೆ. ಮಗುವಿನ ತಲೆ ಹೊರಗೆ ಬರುತ್ತದೆ, ಭುಜ ಸಿಕ್ಕಿಕೊಳ್ಳುತ್ತದೆ. ಆಗ ನಮ್ಮ ಕೈಯಲ್ಲಿ ಇರುವುದು ಕೆಲವೇ ನಿಮಿಷ. ತಾಯಿಯ ಕಾಲುಗಳನ್ನು ಹೊಟ್ಟೆಗೆ ಒತ್ತಿ ಹಿಡಿದು, ಮಗುವಿನ ಭುಜ ತಿರುಗಿಸಿ ಹೊರಗೆ ತರಬೇಕು. ಕೆಲವೊಮ್ಮೆ ಕುತ್ತಿಗೆಯ ನರಕ್ಕೆ ಪೆಟ್ಟಾಗಿ ಮಗುವಿನ ಕೈ ಸೋಲುತ್ತದೆ. ಆ ನಿಮಿಷಗಳಲ್ಲಿ ವಾರ್ಡಿನಲ್ಲಿ ಯಾರೂ ಮಾತಾಡುವುದಿಲ್ಲ. ‘ನಾಲ್ಕು ಕಿಲೋ ಮಗು’ ಅಂತ ಹೊರಗೆ ಹಿಗ್ಗುವವರಿಗೆ ಒಳಗೆ ಏನಾಯಿತು ಅಂತ ಗೊತ್ತಿರುವುದಿಲ್ಲ. ತಾಯಿಯ ಸಕ್ಕರೆ ತುಂಬಾ ಏರಿದ್ದರೆ ಕೊನೆಯ ವಾರಗಳಲ್ಲಿ ಹೊಟ್ಟೆಯಲ್ಲೇ ಮಗು ಹೋಗುವ ಅಪಾಯವೂ ಇದೆ. ಮಗುವಿನ ಒದೆತ ಕಡಿಮೆ ಆಯಿತು ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿ ಆದರೂ ಹೊರಡಿ.

ಕೂಸು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ. ಮಗುವಿನ ಮೈಯಲ್ಲಿ ಜಾಸ್ತಿ ಆಗಿರುವ ಇನ್ಸುಲಿನ್ ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಮಗುವಿನ ಸಕ್ಕರೆ ದಡಕ್ಕನೆ ಇಳಿಯಬಹುದು. ಮಗು ನಡುಗಬಹುದು, ಮಂಕಾಗಬಹುದು, ಫಿಟ್ಸ್ ಬರಬಹುದು. ಉಸಿರಾಟದ ತೊಂದರೆ, ಕಾಮಾಲೆಯೂ ಈ ಮಕ್ಕಳಲ್ಲಿ ಜಾಸ್ತಿ. ಅದಕ್ಕೇ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿಸುತ್ತೇವೆ, ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುತ್ತೇವೆ. ಪುಟ್ಟ ಹಿಮ್ಮಡಿ ಚುಚ್ಚುವುದು ಕಂಡು ಅಜ್ಜಿಯಂದಿರು ಕೋಪ ಮಾಡಿಕೊಳ್ಳುತ್ತೀರಿ, ಅರ್ಥ ಆಗುತ್ತದೆ. ಮಗುವಿನ ಮೆದುಳು ಉಳಿಸಲಿಕ್ಕೆ ಅದು ಬೇಕು. ಜೇನುತುಪ್ಪ ನೆಕ್ಕಿಸಬೇಡಿ, ಸಕ್ಕರೆ ನೀರು ಬಿಡಬೇಡಿ. ತಾಯಿಯ ಮೊದಲ ಹಳದಿ ಹಾಲು ಸಾಕು.

ಇನ್ನು ಹೆರಿಗೆ ಆದಮೇಲಿನ ಮಾತು. ಇಲ್ಲಿ ನಾವು ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲ. ಒಂಬತ್ತು ತಿಂಗಳು ಅವಳ ಕಡೆ ನೋಡಿದ ಮನೆ, ಆಸ್ಪತ್ರೆ, ಎಲ್ಲಾ ಮಗುವಿನ ಕಡೆ ತಿರುಗುತ್ತದೆ. ಶುಗರ್ ನಾರ್ಮಲ್ ಆಯಿತು, ಇನ್ಸುಲಿನ್ ನಿಂತಿತು, ಬಾಣಂತಿ ತವರಿಗೆ ಹೋದಳು. ಅಲ್ಲಿ ತುಪ್ಪ, ಕೊಬ್ಬರಿ, ಬೆಲ್ಲದ ಉಂಡೆ, ಹಾಸಿಗೆ ಬಿಟ್ಟು ಏಳಬೇಡ ಅನ್ನುವ ಮಾತು. ಮೂರು ತಿಂಗಳಲ್ಲಿ ಬಸುರಿನ ತೂಕ ಇಳಿಯುವುದಿರಲಿ, ಇನ್ನೂ ನಾಲ್ಕು ಕಿಲೋ ಸೇರಿರುತ್ತದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಎಲ್ಲರೂ ಮಿಷನ್ ಆಸ್ಪತ್ರೆ ಅನ್ನುತ್ತಾರಲ್ಲ, ಅಲ್ಲಿ 1997–98ರಲ್ಲಿ ಬಸುರಿಯರ ಸಕ್ಕರೆ ಅಳೆದು, ಆ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಬಸುರಿನಲ್ಲಿ ಶುಗರ್ ಬಂದಿದ್ದವರಲ್ಲಿ ಐದು ವರ್ಷದೊಳಗೆ ನೂರಕ್ಕೆ 37 ಜನರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಬರದಿದ್ದವರಲ್ಲಿ ನೂರಕ್ಕೆ 2. ಇದು ಎಲ್ಲೋ ಹೊರದೇಶದ ಮಾತಲ್ಲ, ನಮ್ಮ ಊಟ ಉಣ್ಣುವ, ನಮ್ಮ ಮಾತಾಡುವ ಹೆಣ್ಣುಮಕ್ಕಳದ್ದು. ಅವರ ಮಕ್ಕಳಲ್ಲೂ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಐದು ವರ್ಷಕ್ಕೇ ಮೈಯಲ್ಲಿ ಕೊಬ್ಬು, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಕಂಡಿತು. ಆ ಹೆಣ್ಣುಮಗು ನಾಳೆ ಬಸುರಿ ಆದಾಗ ಮತ್ತೆ ಇದೇ ಕತೆ.

ಹೆರಿಗೆ ಆದ ಆರು ವಾರಕ್ಕೆ ಅದೇ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಇನ್ನೊಂದು ಸಲ ಆಗಬೇಕು, ಈ ಸಲ ಖಾಲಿ ಹೊಟ್ಟೆಯಲ್ಲಿ. ಬೆಳಗ್ಗೆ 126 ಅಥವಾ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಮುಟ್ಟಿದ್ದರೆ ಕಾಯಿಲೆ ಉಳಿದುಕೊಂಡಿದೆ ಅಂತ. ಎರಡು ಗಂಟೆಯದ್ದು 140ರಿಂದ 199ರ ನಡುವೆ ಇದ್ದರೆ ಅಂಚಿನಲ್ಲಿ ಇದ್ದಾರೆ. ಮಗುವಿಗೆ ಆರು ವಾರಕ್ಕೆ ಲಸಿಕೆ ಇದ್ದೇ ಇದೆ. ಅವತ್ತು ಮಗುವನ್ನು ಎತ್ತಿಕೊಂಡು ಹೇಗೂ ಹೋಗುತ್ತೀರಿ. ಅವತ್ತೇ ತಾಯಿಯ ರಕ್ತವನ್ನೂ ಕೊಟ್ಟು ಬನ್ನಿ. ತವರಿನ ಊರು ಬೇರೆ ತಾಲ್ಲೂಕು ಆಗಿದ್ದರೆ ತಾಯಿ ಕಾರ್ಡನ್ನು ಗಂಡನ ಮನೆಯಲ್ಲಿ ಬಿಟ್ಟು ಹೋಗಬೇಡಿ. ಅಲ್ಲಿನ ಆಶಾ ಅಕ್ಕನಿಗೆ ಮೊದಲ ವಾರವೇ ಕಾರ್ಡ್ ತೋರಿಸಿ, ಇವಳಿಗೆ ಬಸುರಿನಲ್ಲಿ ಶುಗರ್ ಇತ್ತು ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ವರ್ಷಕ್ಕೆ ಒಂದು ಸಲ ಪರೀಕ್ಷೆ. ಎದೆಹಾಲು ಕುಡಿಸಿದಷ್ಟೂ ತಾಯಿಗೂ ಮುಂದೆ ಸಕ್ಕರೆ ಕಾಯಿಲೆ ಬರುವ ಅಪಾಯ ಕಡಿಮೆ ಆಗುತ್ತದೆ ಅನ್ನುವುದನ್ನೂ ನೆನಪಿಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಮೊದಲು ಎದ್ದು ನಿಂತವರು ಮಾಲೂರು ಕಡೆಯ ಒಬ್ಬ ಅಜ್ಜಿ. ‘ನಾವು ಎಂಟು ಹೆತ್ತೆವು ಕಣಮ್ಮ, ಯಾವ ಟೆಸ್ಟೂ ಮಾಡಿಸಲಿಲ್ಲ, ನಮಗೇನಾಯ್ತು?’ ಅಂದರು. ನಾನು ಕೇಳಿದೆ, ‘ಎಂಟರಲ್ಲಿ ಎಷ್ಟು ಉಳಿದವು ಅಜ್ಜಿ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಐದು’ ಅಂದರು. ಆ ಮೂರಕ್ಕೆ ಕಾರಣ ಏನು ಅಂತ ಈಗ ಯಾರಿಗೂ ಹೇಳಲು ಆಗುವುದಿಲ್ಲ, ಅಳೆದವರು ಯಾರೂ ಇರಲಿಲ್ಲ. ಆಗ ಅಜ್ಜಿಯರು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು, ರಾಗಿ ಬೀಸುತ್ತಿದ್ದರು, ಪಾಲಿಷ್ ಮಾಡಿದ ಅಕ್ಕಿ ಹಬ್ಬಕ್ಕೆ ಮಾತ್ರ. ಈಗ ಬೀಸುವುದು ಮಿಷನ್ನು, ಅಕ್ಕಿ ದಿನಾ ಇದೆ, ಅಂಗಡಿಯಲ್ಲಿ ಬಿಸ್ಕತ್ತು, ಬನ್ನು ಯಾವಾಗಲೂ ಸಿಗುತ್ತದೆ. ಹಾಗಾಗಿ ಅವರ ಕಾಲಕ್ಕೆ ಹೋಲಿಸಿ ಪರೀಕ್ಷೆ ಬಿಡುವ ಹಾಗಿಲ್ಲ ಅಂದೆ. ಅಜ್ಜಿ ತಲೆಯಾಡಿಸಿದರು.

ಒಬ್ಬ ಹುಡುಗಿ ಕೇಳಿದಳು: ‘ಮೊದಲನೇ ಮಗುಗೆ ಶುಗರ್ ಬಂದಿತ್ತು, ಎರಡನೇದಕ್ಕೂ ಬರುತ್ತಾ ಮೇಡಂ?’ ಬರುವ ಸಾಧ್ಯತೆ ಜಾಸ್ತಿಯೇ. ಅದಕ್ಕೇ ಎರಡನೆಯದಕ್ಕೆ ತಯಾರಿ ಮುಟ್ಟು ನಿಲ್ಲುವ ಮೊದಲೇ ಶುರುವಾಗಬೇಕು. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರದಲ್ಲಿ. ಎಷ್ಟೋ ಜನಕ್ಕೆ ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಅದರಲ್ಲಿ ಅರ್ಧ ಮುಗಿದಿರುತ್ತದೆ. ಎರಡು ಹೆರಿಗೆಯ ನಡುವೆ ಕಾಯಿಲೆ ಬಂದು ಯಾರಿಗೂ ಗೊತ್ತಾಗದೆ ಉಳಿದಿದ್ದರೆ ಆ ವಾರಗಳಲ್ಲೇ ಮಗುವಿಗೆ ಹಾನಿ ಆಗಬಹುದು. ಎರಡನೆಯದು ಬೇಕು ಅಂತ ಯೋಚಿಸಿದಾಗಲೇ ಬಂದು ರಕ್ತ ನೋಡಿಸಿ, ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ, ಮೊದಲನೆಯದರಲ್ಲಿ ಸೇರಿದ ತೂಕದಲ್ಲಿ ಸ್ವಲ್ಪವಾದರೂ ಇಳಿಸಿಕೊಂಡು ಬನ್ನಿ. ಅಲ್ಲಿಯವರೆಗೆ ಮಕ್ಕಳ ನಡುವೆ ಅಂತರ ಇಡಲು ಏನು ಬಳಸಬೇಕು ಅಂತ ಗಂಡ ಹೆಂಡತಿ ಇಬ್ಬರೂ ಕೂತು ನಮ್ಮ ಹತ್ತಿರ ಕೇಳಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ಈ ತಿಂಗಳು ಎರಡನೇ ಗ್ಲೂಕೋಸ್ ಪರೀಕ್ಷೆ ಆಗಬೇಕಾದವರು ಇಲ್ಲೇ ಕೈ ಎತ್ತಿ, ಆಶಾ ಅಕ್ಕಂದಿರು ಹೆಸರು ಬರೆದುಕೊಳ್ಳುತ್ತಾರೆ.